ಯಾರ ಹೆಸರನ್ನೂ ಹೇಳಿರಲಿಲ್ಲ

ಒಳಕೋಣೆಯಿಂದ ಕೊಂಬೋ ಮೇಸ್ತ್ರಿ "ಅಕ್ಕಾ, ಸ್ವಲ್ಪ ಬಂದು ಹೋಗಿ" ಎಂದು ಕೂಗಿದಾಗ ರುಕಿಯಾ ತುರಿಮಣೆಯ ಮೇಲೆ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದಳು. ಅವಳು ಏಳಲಿಲ್ಲ. ಬೆಳಗಿನಿಂದ ಆ ಮನುಷ್ಯ ಕೂಗುತ್ತಲೇ ಇದ್ದ. ತೊಲೆಗೆ ಹುಳು ಹಿಡಿದಿದೆ ಎಂದು ಒಮ್ಮೆ, ಸುಣ್ಣ ಸಾಲದು ಎಂದು ಇನ್ನೊಮ್ಮೆ, ಗಂಟಲು ಒಣಗಿದೆ ಎಂದು ಮತ್ತೊಮ್ಮೆ. ಲಾಮು ದ್ವೀಪದಲ್ಲಿ ಹವಳಗಲ್ಲಿನ ಹಳೇ ಮನೆ ಇಟ್ಟುಕೊಂಡವರ ಹಣೆಬರಹವೇ ಇಷ್ಟು. ಮಗಳ ಮದುವೆ ಬಂತೆಂದರೆ ಗೋಡೆಗೆ ಸುಣ್ಣ ಕಾಣಿಸಬೇಕು. ಸುಣ್ಣ ಕಾಣಿಸಲು ಹೋದರೆ ಗಾರೆ ಉದುರುತ್ತದೆ, ಗಾರೆ ಉದುರಿದರೆ ಮೇಸ್ತ್ರಿ ಬರುತ್ತಾನೆ, ಬಂದವನು ಹೋಗುವುದಿಲ್ಲ.

"ಏನಪ್ಪಾ, ಮತ್ತೆ ಚಹಾನಾ?"

"ಚಹಾ ಅಲ್ಲಕ್ಕಾ. ಬನ್ನಿ ಅಂದ್ರೆ ಬನ್ನಿ."

ರುಕಿಯಾ ಕೈ ಒರೆಸಿಕೊಂಡು ಹೋದಳು. ಒಳಕೋಣೆಯ ಗೋಡೆಯ ತುಂಬ ಸಾಲುಸಾಲು ಗೂಡುಗಳು. ಹಿಂದಿನವರು ಅವುಗಳಲ್ಲಿ ಪಿಂಗಾಣಿ ತಟ್ಟೆಗಳನ್ನು ಇಡುತ್ತಿದ್ದರು, ಈಗ ಮದುಮಗಳಾಗಲಿರುವ ಮಗಳು ತಿಮಾಳ ಕ್ರೀಮು, ಬಾಚಣಿಗೆ, ಫೋನಿನ ಚಾರ್ಜರು ಕೂತಿದ್ದವು. ಕೆಳಗಿನ ಸಾಲಿನ ಮೂಲೆಯಲ್ಲಿ ಉಬ್ಬಿಕೊಂಡಿದ್ದ ಗಾರೆಯನ್ನು ಕೊಂಬೋ ಒಡೆದಿದ್ದ. ಅದರ ಹಿಂದೆ ಗಟ್ಟಿಗೋಡೆಯ ಬದಲು ಇನ್ನೊಂದು ಗೂಡು ಇತ್ತು. ಯಾವ ಕಾಲದಲ್ಲೋ ಕಲ್ಲುಚೂರು ತುಂಬಿ ಅದನ್ನು ಮುಚ್ಚಿಬಿಟ್ಟಿದ್ದರು. ಮೈಯೆಲ್ಲ ಧೂಳಾಗಿದ್ದ ಕೊಂಬೋ ಅಂಗೈಯಲ್ಲಿ ಒಂದು ಬಟ್ಟೆಯ ಚೀಲ ಹಿಡಿದು ನಿಂತಿದ್ದ.

"ನಾನು ಬಿಚ್ಚಿಲ್ಲ. ನೋಡೋಕೆ ಎಲೆಅಡಿಕೆ ಸಂಚಿ. ಆದ್ರೆ ಕೈಲಿ ಹಿಡಿದ್ರೆ ಅಡಿಕೆ ಇಷ್ಟು ಭಾರ ಇರಲ್ಲ."

ಅದು ಅಜ್ಜಿಯ ಸಂಚಿ. ಅಂಚಿನ ನೀಲಿ ದಾರದ ಹೊಲಿಗೆಯನ್ನು ರುಕಿಯಾ ನೋಡಿದ ಕೂಡಲೇ ಗುರುತಿಸಿದಳು. ಕೈಗೆ ತೆಗೆದುಕೊಂಡು ದಾರ ಎಳೆಯುವ ಮೊದಲೇ ಜೀರ್ಣವಾಗಿದ್ದ ಬಟ್ಟೆ ಹರಿಯಿತು, ಅವಳ ಅಂಗೈಗೆ ಎರಡು ಬಂಗಾರದ ಕಡಗಗಳು ಬಿದ್ದವು. ಬಂಗಾರಕ್ಕೆ ಮಾನವೂ ಇಲ್ಲ, ಮರ್ಯಾದೆಯೂ ಇಲ್ಲ. ಇಷ್ಟು ವರ್ಷ ಗೋಡೆಯೊಳಗೆ ಕೂತಿದ್ದರೂ ನಿನ್ನೆ ಅಂಗಡಿಯಿಂದ ತಂದ ಹಾಗೆ ಹೊಳೆಯಿತು. ರುಕಿಯಾಳಿಗೆ ಸಂತೋಷವಾಗಲಿಲ್ಲ. ಕಿವಿ ಬಿಸಿಯಾಯಿತು. ಅದು ನಾಚಿಕೆ ಎಂದು ಗೊತ್ತಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಮದುವೆಮನೆಗೆ ಗೋಡೆನೇ ಮುಯ್ಯಿ ಹಾಕ್ತು ನೋಡಿ!" ಎಂದು ನಗಲು ಹೊರಟ ಕೊಂಬೋ ಅವಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಅಕ್ಕಾ... ಇದು ಆ ಕಡಗಾನಾ?"

ಆ ಕಡಗ. ಕೊಂಬೋ ಹುಟ್ಟುವ ಮೊದಲು ನಡೆದದ್ದು ಅದು. ಯಾರೂ ಬಾಯಿಬಿಟ್ಟು ಹೇಳದ ಮಾತು. ಆದರೂ ಅವನಿಗೆ ಗೊತ್ತಿತ್ತು. ಅಂದಮೇಲೆ ಊರಿಗೆಲ್ಲ ಗೊತ್ತಿತ್ತು.

ಕಡಗಗಳು ಕಳೆದದ್ದು ರುಕಿಯಾಳ ಮದುವೆಯ ವಾರ. ಆಗ ಈ ಊರಿನಲ್ಲಿ ಮದುವೆ ಎಂದರೆ ಮದರಂಗಿಯ ಬಾರ್ಕೆ. ಮದುಮಗಳಿಗೆ ಗಂಧ ತಿಕ್ಕುವುದು, ಕೈಕಾಲಿಗೆ ಮದರಂಗಿ ಹಚ್ಚುವುದು, ಗಂಡನ ಮುಂದೆ ಹೇಗೆ ಕೂರಬೇಕು, ಯಾವಾಗ ಮುನಿಸಿಕೊಳ್ಳಬೇಕು ಎಂದು ಕಿವಿಯಲ್ಲಿ ಹೇಳಿಕೊಡುವುದು ಎಲ್ಲವೂ ಅವಳದೇ. ಗಂಡ ಸತ್ತವಳು, ಒಬ್ಬನೇ ಮಗ ಸ್ವಾಲೆ. ಅವಳು ಗೆರೆ ಎಳೆದರೆ ಅಳಿಸಿ ಎಳೆಯುವ ಮಾತಿರಲಿಲ್ಲ. ಬಾಯಿಯೂ ಅಷ್ಟೇ ಜೋರು. ಮದುಮಗಳ ಅತ್ತೆಯನ್ನೂ ನಗಿಸಿಬಿಡುತ್ತಿದ್ದಳು. ಅಂಥವಳು ಈ ಒಳಕೋಣೆಯಲ್ಲಿ ರುಕಿಯಾಳ ಕೈ ಹಿಡಿದು ಕೂತಿದ್ದಳು. ಮದರಂಗಿ ಹಚ್ಚಬೇಕೆಂದು ರುಕಿಯಾ ಕಡಗ ತೆಗೆದು ಪಕ್ಕಕ್ಕಿಟ್ಟಿದ್ದಳು. ಕೈಯ ಬಣ್ಣ ಒಣಗುವಷ್ಟರಲ್ಲಿ ಕಡಗ ಇರಲಿಲ್ಲ.

"ಕೋಣೇಲಿ ಯಾರ್ಯಾರಿದ್ರು?" ಎಂದು ತಾಯಿ ಬೀ ಶುಫಾ ಕೇಳಿದ್ದಳು.

"ಬಾರ್ಕೆ ಚಿಕ್ಕಮ್ಮ ಇದ್ರು" ಎಂದು ರುಕಿಯಾ ಹೇಳಿದ್ದಳು. ಸುಳ್ಳಲ್ಲ. ಅಜ್ಜಿಯೂ ಮೂಲೆಯಲ್ಲಿ ಕೂತು ಎಲೆ ಮೆಲ್ಲುತ್ತಿದ್ದಳು, ಆದರೆ ಅಜ್ಜಿಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಅಜ್ಜಿಗೆ ಅರಳುಮರಳು. ಸಕ್ಕರೆ ಡಬ್ಬಿಯನ್ನು ಬಾವಿಯ ಹಿಂದೆ, ಬೀಗದ ಕೈಯನ್ನು ಅಕ್ಕಿಯೊಳಗೆ ಬಚ್ಚಿಡುತ್ತಿದ್ದ ಮುದುಕಿ. ಮನೆಯವರೆಲ್ಲ ದಿನಾ ಅವಳು ಬಚ್ಚಿಟ್ಟದ್ದನ್ನು ಹುಡುಕಿ ಹುಡುಕಿ ನಗುತ್ತಿದ್ದರು. ಕಡಗ ಕಳೆದ ದಿನ ಮಾತ್ರ ಅದು ಒಬ್ಬರ ತಲೆಗೂ ಹೊಳೆಯಲಿಲ್ಲ. ಆಗಲೇ ಬೇರೆ ಕಡೆ ನೋಡಿಬಿಟ್ಟಿದ್ದರು. ಮರುದಿನ ಸುಣ್ಣದವರು ಬಂದು, ಒಡೆದ ಗೂಡು ಅಸಹ್ಯವಾಗಿ ಕಾಣುತ್ತದೆಂದು, ಒಳಗೆ ಕೈ ಹಾಕಿ ನೋಡದೆ ಕಲ್ಲು ತುಂಬಿ ಗಾರೆ ಬಳಿದು ಹೋದರು.

ನಮ್ಮಲ್ಲಿ ಕಳ್ಳತನವಾದರೆ ಪೊಲೀಸರ ಹತ್ತಿರ ಓಡುವವರು ಕಡಿಮೆ. ಓದಬಲ್ಲವರನ್ನು ಕರೆಸಿ ಹಲ್ಬದಿರಿ ಓದಿಸುತ್ತಾರೆ. ಪ್ರವಾದಿಯ ಕಾಲದ ಬದರ್ ಯುದ್ಧದಲ್ಲಿ ಕಾದಿದವರ ಹೆಸರುಗಳನ್ನು ಒಂದೊಂದಾಗಿ ಹಿಡಿದು, ಕದ್ದವರು ಯಾರೇ ಆಗಿರಲಿ, ಅವರ ಲೆಕ್ಕ ನೀವೇ ನೋಡಿಕೊಳ್ಳಿ ಎಂದು ಒಪ್ಪಿಸಿಬಿಡುವುದು. ಕಳ್ಳರ ಹೆಸರು ಎತ್ತುವಂತಿಲ್ಲ. ಊದುಬತ್ತಿ ಹಚ್ಚಿ, ಓದಿ, ಉಂಡು, ಎಲ್ಲರೂ ಮನೆಗೆ ಹೋಗುತ್ತಾರೆ. ಆಮೇಲೆ ಊರು ಕಾದು ಕೂರುತ್ತದೆ. ಯಾರ ಮನೆಯಲ್ಲಿ ಕೆಟ್ಟದ್ದಾಗುತ್ತದೋ ಅವರೇ ಕಳ್ಳರು.

ಓದಿಸಿ ಹೆಚ್ಚು ದಿನವಾಗಿರಲಿಲ್ಲ, ಅಜ್ಜಿ ಬಚ್ಚಲಲ್ಲಿ ಬಿದ್ದಳು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ವಯಸ್ಸಾಗಿತ್ತಲ್ಲ ಎಂದರು. ಮಲಗಿದಲ್ಲಿಂದಲೇ ಎಡಗೈ ಎತ್ತಿ ಗೋಡೆಯ ಕಡೆ ತೋರಿಸಿ ಊಂ ಊಂ ಎನ್ನುತ್ತಿದ್ದಳು. ಆ ಕಡೆಯಿಂದ ಗಾಳಿ ಬರುತ್ತಿರಬೇಕು, ಪಾಪ, ಎಂದು ಮಂಚವನ್ನು ಇನ್ನೊಂದು ಕಡೆಗೆ ಸರಿಸಿದರು. ಆ ಮೇಲಿನ ತಿಂಗಳು ಸ್ವಾಲೆ ಹೋಗುತ್ತಿದ್ದ ಕಾಂಡ್ಲಾ ಮರ ಸಾಗಿಸುವ ಹಾಯಿದೋಣಿ ಗಾಳಿಗೆ ಸಿಕ್ಕಿ ಮಗುಚಿತು. ಉಳಿದವರೆಲ್ಲ ಈಜಿ ಬಂದರು. ಅವನೊಬ್ಬ ಬರಲಿಲ್ಲ. ಅದಕ್ಕೆ ಯಾರೂ ವಯಸ್ಸು ಎನ್ನಲಿಲ್ಲ.

ಸಾವಿನ ಮನೆಗೆ ಎಲ್ಲರೂ ಹೋದರು. ಬೀ ಶುಫಾ ಬಾರ್ಕೆಯ ಬೆನ್ನು ಸವರಿ, "ಅಲ್ಲಾಹ್ ಯಾರಿಗೂ ಅನ್ಯಾಯ ಮಾಡಲ್ಲ ಬಾರ್ಕೆ" ಎಂದಳು. ಸಮಾಧಾನದ ಮಾತೇ. ಅಲ್ಲಿ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದಿನಿಂದ ಬಾರ್ಕೆಯನ್ನು ಯಾರೂ ಮದರಂಗಿಗೆ ಕರೆಯಲಿಲ್ಲ. ಬೇಡವೆಂದೂ ಹೇಳಲಿಲ್ಲ. ಮದುವೆಗಳಾದವು, ಕರೆ ಹೋಗಲಿಲ್ಲ, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ರುಕಿಯಾಳ ಅಣ್ಣ ಅಬೂದ್ ಅಂಗಡಿ ಮುಚ್ಚಿ ಬಂದ. ಮಸೀದಿಯ ಕಮಿಟಿಯಲ್ಲಿ ಮುಂದಿನ ಸಾಲಿನ ಮನುಷ್ಯ. ನಾಲ್ಕು ಜನ ಎದ್ದು ನಿಂತು ಸಲಾಮು ಹೇಳುವುದು ಅಭ್ಯಾಸವಾಗಿದ್ದವನು. ಬಂದವನೇ ಕೊಂಬೋನನ್ನು ಹಿಡಿದ.

"ಆ ತೂತು ಇವತ್ತೇ ಮುಚ್ಚು. ನಿನ್ನ ಬಾಯೂ ಮುಚ್ಚು."

"ನಾನು ಗಾರೆಯವನಲ್ವಾ ಅಣ್ಣ, ಮುಚ್ಚೋದೇ ನನ್ನ ಕೆಲಸ" ಎಂದು ಕೊಂಬೋ ಸನಿಕೆ ಎತ್ತಿಕೊಂಡ. "ಆದ್ರೆ ಒಳಗೆ ಏನೂ ಇಲ್ಲ ಅಂತ ಈ ಸಲ ನೀವೇ ಒಂದ್ಸಲ ಕೈ ಹಾಕಿ ನೋಡಿಬಿಡಿ."

ಅಬೂದ್ ತಾಯಿಯ ಮಂಚದ ಬಳಿ ಹೋಗಿ ಕೂತ. ಬೀ ಶುಫಾ ಕಡಗಗಳನ್ನು ಮಡಿಲಲ್ಲಿಟ್ಟುಕೊಂಡು ಜಪಮಣಿ ಎಣಿಸುತ್ತಿದ್ದಳು. ಎಣಿಕೆ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದಳು.

"ಬಾರ್ಕೆ ಮನೆಗೆ ಹೋಗಿ ಹೇಳ್ಬೇಕು" ಎಂದಳು ರುಕಿಯಾ.

"ಏನಂತ ಹೇಳ್ತೀಯ?" ಅಬೂದ್ ಕೈ ತಿರುಗಿಸಿದ. "ನಾವು ಯಾರ ಹೆಸರಾದ್ರೂ ಹೇಳಿದ್ವಾ? ಯಾರ ಮೇಲಾದ್ರೂ ಬೆರಳು ತೋರಿಸಿದ್ವಾ? ಹೇಳದೇ ಇರೋ ಮಾತಿಗೆ ಕ್ಷಮೆ ಕೇಳೋದು ಎಲ್ಲಾದ್ರೂ ಉಂಟಾ? ಈಗ ನೀನು ಹೋಗಿ ಬಾಯಿ ಬಿಟ್ರೆ, ಆಗ ನಾವು ಅವಳನ್ನೇ ಕಳ್ಳಿ ಅಂದ್ಕೊಂಡಿದ್ವಿ ಅಂತ ನಾವೇ ಒಪ್ಪಿಕೊಂಡ ಹಾಗೆ."

"ಅಂದ್ಕೊಂಡಿರಲಿಲ್ವಾ?"

"ಮನಸ್ಸಲ್ಲಿ ನೂರು ಅಂದ್ಕೋತೀವಿ! ಅದಕ್ಕೆಲ್ಲ ಪಂಚಾಯಿತಿ ಕಟ್ಟಬೇಕಾ? ಗಂಡಿನ ಕಡೆಯವರ ಕಿವಿಗೆ ಬಿದ್ರೆ ಏನಂತಾರೆ? ಈ ಮನೆಯವರು ಬಡವಿ ಮಗನನ್ನ ಹಲ್ಬದಿರಿ ಓದಿಸಿ ಕೊಂದ್ರು ಅಂತಾರೆ."

ಬೀ ಶುಫಾಳ ಕೈಯಲ್ಲಿದ್ದ ಮಣಿಸರ ನಿಂತಿತು. ಮುದುಕಿಯ ತುಟಿ ಬಿಳಿಚಿತ್ತು. ಅವಳಿಗೆ ಗಂಡಿನ ಕಡೆಯವರ ಹೆದರಿಕೆ ಇರಲಿಲ್ಲ.

"ತಪ್ಪು ಜಾಗಕ್ಕೆ ಹೋದ ಓದು ಓದಿಸಿದವರ ಮನೆಗೇ ವಾಪಸ್ ಬರುತ್ತೆ ಕಣೋ. ಅಮ್ಮ ಬಚ್ಚಲಲ್ಲಿ ಬಿದ್ದಾಗ್ಲೇ ಬಂದಿತ್ತು. ನಾವು ನೋಡ್ಲಿಲ್ಲ." ಆಮೇಲೆ ದನಿ ಬದಲಿಸಿ ಮಗಳ ಕಡೆ ತಿರುಗಿದಳು. "ಒಂದು ಕೆಲಸ ಮಾಡು. ತಿಮಾ ಮದರಂಗಿಗೆ ಅವಳನ್ನ ಕರೆದುಬಿಡು. ಕರೆದ್ರೆ ಅವಳೇ ತಿಳ್ಕೋತಾಳೆ. ಬಿಡೋವಾಗ ಏನಾದ್ರೂ ಹೇಳಿ ಬಿಟ್ವಾ? ಕರೆಯೋವಾಗ್ಲೂ ಏನೂ ಹೇಳೋದು ಬೇಡ. ಒಳ್ಳೇ ಹಲ್ವಾ ತಗೊಂಡು ಹೋಗು."

"ಅದು ಸರಿಯಾದ ಮಾತು" ಎಂದು ಅಬೂದ್ ಎದ್ದ. ಅವನಿಗೆ ಊಟದ ಹೊತ್ತಾಗಿತ್ತು.

ರುಕಿಯಾಳಿಗೂ ಅದು ಸರಿಯೆನ್ನಿಸಿತು. ಸುಲಭವಾಗಿತ್ತು. ಯಾರ ಮಾನವೂ ಹೋಗುವುದಿಲ್ಲ. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಹೋಗಿ ಹಲ್ವಾ ಕಟ್ಟಿಸಿಕೊಂಡು ಬಂದಳು. ಸಂಜೆಯ ನಮಾಜಿಗೆ ತಾಯಿ ಕೈಕಾಲು ತೊಳೆಯಲು ಹೋದಾಗ ದಿಂಬಿನ ಕೆಳಗಿದ್ದ ಕಡಗಗಳನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಅವಳಿಗೆ ಗೊತ್ತಿರಲಿಲ್ಲ.

ಕಲ್ಲುಮನೆಗಳ ಓಣಿಗಳು ಮುಗಿದು ಮರಳು ಶುರುವಾಗುವಲ್ಲಿ ಬಾರ್ಕೆಯ ಗರಿಮನೆ. ದಾರಿಯಲ್ಲಿ ಕತ್ತೆಗಳಿಗೆ ಜಾಗ ಬಿಟ್ಟು ಗೋಡೆಗೊರಗುವಾಗೆಲ್ಲ ರುಕಿಯಾ ಮಾತುಗಳನ್ನು ಜೋಡಿಸಿಕೊಂಡಳು. ಜಗಲಿಗಳ ಮೇಲೆ ಕೂತ ಗಂಡಸರು ಮದುವೆ ತಯಾರಿ ಎಲ್ಲಿಗೆ ಬಂತೆಂದು ಕೇಳಿದರು. ಬಂತು ಬಂತು ಎಂದಳು. ಬುರ್ಖಾದ ಒಳಗೆ ಕೈಚೀಲವನ್ನು ಎದೆಗೆ ಅವುಚಿಕೊಂಡು ನಡೆಯುತ್ತಿದ್ದವಳಿಗೆ ತಾನೇ ಕದ್ದು ಒಯ್ಯುತ್ತಿರುವವಳಂತೆ ಕಾಣಿಸುತ್ತಿದ್ದೇನೆ ಎನ್ನಿಸಿತು.

"ಹೋಡೀ" ಎಂದು ಬಾಗಿಲಲ್ಲಿ ನಿಂತು ಒಳಗೆ ಬರಲು ಅಪ್ಪಣೆ ಕೇಳಿದಳು.

"ಯಾರು?"

"ನಾನು ಚಿಕ್ಕಮ್ಮ, ರುಕಿಯಾ. ಬೀ ಶುಫಾ ಮಗಳು."

ಒಳಗೆ ಗರಿ ಸರಿಸುವ ಸದ್ದು ನಿಂತಿತು. ಆಮೇಲೆ, "ಬಾ ತಾಯಿ, ಬಾ. ಬಗ್ಗಿಕೊಂಡು ಬಾ, ತಲೆ ಬಡಿಯುತ್ತೆ" ಎಂಬ ದನಿ ಬಂತು.

ಬಾರ್ಕೆ ಕಾಲು ಚಾಚಿ ಕೂತು ಬಣ್ಣದ ಗರಿಗಳಿಂದ ಚಾಪೆ ಹೆಣೆಯುತ್ತಿದ್ದಳು. ಮೈ ಒಣಗಿ ಕಡ್ಡಿಯಾಗಿತ್ತು, ಬಾಯಿ ಒಣಗಿರಲಿಲ್ಲ. ರುಕಿಯಾಳನ್ನು ಮೇಲಿಂದ ಕೆಳಗೆ ನೋಡಿದಳು.

"ಅಬ್ಬಾ, ಇವೇನೇ ನಾನು ಮದರಂಗಿ ಹಚ್ಚಿದ ಕಾಲು? ಆಗ ಕೊಕ್ಕರೆ ಕಾಲಿನ ಹಾಗಿತ್ತು. ಈಗಾದ್ರೆ ಎರಡು ಪಟ್ಟು ಬಣ್ಣ ಬೇಕು ನನಗೆ. ಕೂತ್ಕೋ. ಏನಿದು, ಹಲ್ವಾ? ಹಲ್ಲಿಲ್ಲದವಳಿಗೆ ಹಲ್ವಾನೇ ಸರಿ."

ರುಕಿಯಾ ನಗಲು ನೋಡಿದಳು. ಜೋಡಿಸಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದಳು.

"ತಿಮಾಗೆ ಮದುವೆ ಇಟ್ಕೊಂಡಿದೀವಿ ಚಿಕ್ಕಮ್ಮ. ನೀವೇ ಬಂದು ಮದರಂಗಿ ಹಚ್ಚಬೇಕು."

ಬಾರ್ಕೆಯ ಬೆರಳುಗಳು ಗರಿಯ ನಡುವೆ ನಿಂತವು. "ನನ್ನ ಕೈ ನಡುಗುತ್ತೆ ಮಗಳೇ. ಈಗಿನ ಹುಡುಗೀರಿಗೆ ಕೋನು ಬೇಕು, ಫೋನಲ್ಲಿ ನೋಡಿದ ಡಿಸೈನು ಬೇಕು" ಎಂದಳು. ಆಮೇಲೆ ತಲೆ ಎತ್ತದೆ ಕೇಳಿದಳು: "ಬೀ ಶುಫಾಗೆ ಗೊತ್ತಾ ನೀನು ಬಂದಿರೋದು?"

"ಅವರೇ ಕಳಿಸಿದ್ದು."

"ಅವರೇ ಕಳಿಸಿದ್ರಾ?" ಮುದುಕಿ ಚಾಪೆಯನ್ನು ಪಕ್ಕಕ್ಕೆ ತಳ್ಳಿದಳು. ಕಣ್ಣು ತುಂಬಿಕೊಂಡಿತು. ಎರಡೂ ಕೈಯನ್ನು ಮುಖದ ಮೇಲೆ ಎಳೆದುಕೊಂಡು ದೇವರಿಗೆ ಹೇಳಿದಳು, ರುಕಿಯಾಳಿಗೂ ಹೇಳಿದಳು: "ಹಾಗಾದ್ರೆ ಕ್ಷಮಿಸಿದ್ರು. ನಾನು ಸಾಯೋದ್ರೊಳಗೆ ಕ್ಷಮಿಸಿದ್ರು."

ಗರಿಮನೆಯ ಆ ಅರೆಬೆಳಕಿನಲ್ಲಿ ರುಕಿಯಾಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ತಾವು ಏನೂ ಹೇಳದೆ ಕಳಿಸಿದ ಕರೆ ಬಾರ್ಕೆಗೆ ತಲುಪಿದ್ದು ಹೀಗೆ. ಹಲ್ವಾ ಕಟ್ಟಿಕೊಂಡು ಬಂದು ತಾವೇ ಕ್ಷಮೆಯ ದಾನ ಮಾಡಿದ ಹಾಗಾಗಿತ್ತು. ಸುಮ್ಮನೆ ಎದ್ದು ಹೋದರೆ ಎಲ್ಲರಿಗೂ ಒಳ್ಳೆಯದು, ಮುದುಕಿಗೂ ಸಂತೋಷ ಎಂದು ಒಂದು ಕ್ಷಣ ಮನಸ್ಸು ಹೇಳಿತು. ಆ ಮನಸ್ಸಿಗೆ ಹೊಡೆಯಬೇಕೆನ್ನಿಸಿತು.

"ಯಾವುದನ್ನ ಕ್ಷಮಿಸೋದು ಚಿಕ್ಕಮ್ಮ?"

"ಅವನು ಮಾಡಿದ್ದನ್ನ."

"ಯಾರು?"

"ಯಾರಂದ್ರೆ? ನನ್ನ ಮಗ. ಸ್ವಾಲೆ." ಬಾರ್ಕೆ ಕಣ್ಣೊರೆಸಿಕೊಂಡಳು. "ನಿನ್ನ ಮದುವೆಗೆ ನೀರು ಹೊರೋಕೆ ಅಂತ ಬಂದಿದ್ನಲ್ಲ. ಕೊಡ ಇಟ್ಟು ಒಳಕೋಣೆ ತನಕ ಬಂದಿದ್ದ, ನನಗೆ ಊಟ ಆಯ್ತಾ ಅಂತ ಕೇಳೋಕೆ. ನಾನೇ ಬೈದು ಓಡಿಸಿದ್ದೆ, ಹೆಂಗಸರಿರೋ ಕಡೆ ಏನೋ ನಿನ್ನ ಕೆಲಸ ಅಂತ. ಆ ಕಡಗ ನಾನು ತೆಗೀಲಿಲ್ಲ ರುಕಿಯಾ. ಕುರಾನ್ ಮುಟ್ಟಿ ಹೇಳ್ತೀನಿ. ನಾನು ತೆಗೀಲಿಲ್ಲ, ಓದಾದ ಮೇಲೆ ಸಮುದ್ರ ಬಂದು ನನ್ನ ಮನೆಯವನನ್ನೇ ಎತ್ತಿಕೊಂಡು ಹೋಯ್ತು. ಹಾಗಾದ್ರೆ ತೆಗೆದವರು ಯಾರು? ನೀವೆಲ್ಲ ಏನಂದ್ಕೊಂಡ್ರಿ ಅಂತ ನನಗೆ ಗೊತ್ತಿತ್ತು. ನಾನು ಏನು ಮಾತಾಡ್ಲಿ? ನಾನಲ್ಲ, ನನ್ನ ಮಗ ಅನ್ಲಾ? ಸತ್ತವನ ಮೇಲೆ ಹಾಕ್ಲಾ? ನನ್ನ ಮೇಲೇ ಇರ್ಲಿ ಅಂತ ಬಿಟ್ಟೆ."

ರುಕಿಯಾಳ ಕೈ ಕೈಚೀಲದೊಳಗೆ ಹೋಗಿ ಅಲ್ಲೇ ತಡವರಿಸಿತು. ಕೊನೆಗೆ ಎರಡು ಕಡಗಗಳನ್ನೂ ತೆಗೆದು ಅರ್ಧ ಹೆಣೆದ ಚಾಪೆಯ ಮೇಲೆ ಇಟ್ಟಳು.

"ಗೋಡೇಲಿತ್ತು. ಇವತ್ತು ಬೆಳಿಗ್ಗೆ ಸಿಕ್ತು."

ಬಾರ್ಕೆ ಮುಟ್ಟಲಿಲ್ಲ. "ಯಾವ ಗೋಡೆ?"

"ನಮ್ಮನೆದೇ, ಒಳಕೋಣೆದು. ಅಜ್ಜಿ ಬಚ್ಚಿಟ್ಟಿದ್ರು. ಅವರ ಸಂಚಿಲೇ ಇತ್ತು. ಸುಣ್ಣದವರು ನೋಡದೆ ಮುಚ್ಚಿಬಿಟ್ರು."

"ಅವನು ತೆಗೀಲಿಲ್ವಾ?"

"ಇಲ್ಲ ಚಿಕ್ಕಮ್ಮ."

"ಒಂದನ್ನೂ?"

"ಎರಡೂ ಇಲ್ಲೇ ಇದೆ. ನೋಡಿ." ರುಕಿಯಾಳ ಅಳು ಒಡೆಯಿತು. "ತಪ್ಪಾಯ್ತು. ಬಾರ್ಕೆ ಚಿಕ್ಕಮ್ಮ ಇದ್ರು ಅಂತ ಮೊದಲು ಹೇಳಿದ್ದು ನಾನೇ. ಅಜ್ಜಿನೂ ಇದ್ರು ಅಂತ ಹೇಳ್ಲಿಲ್ಲ. ನಮ್ಮಿಂದ ತಪ್ಪಾಯ್ತು. ಎಲ್ಲರ ಮುಂದೆ ಹೇಳ್ತೀನಿ, ಮದುವೆ ದಿನ ಹೆಂಗಸರೆಲ್ಲ ಸೇರಿರುವಾಗ ಹೇಳ್ತೀನಿ. ಅಣ್ಣ ಏನು ಬೇಕಾದ್ರೂ ಅನ್ಲಿ. ನಮ್ಮನ್ನ ಕ್ಷಮಿಸ್ತೀನಿ ಅನ್ನಿ."

ಬಾರ್ಕೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಕಡಗಗಳನ್ನೂ ನೋಡುತ್ತಿರಲಿಲ್ಲ. ಅವಳ ದೃಷ್ಟಿ ಬಾಗಿಲ ಹೊರಗಿನ ಮರಳಿನ ಮೇಲಿತ್ತು. ಹೊರಗೆ ಯಾರೋ ಕೋಳಿಗಳನ್ನು ಕರೆಯುತ್ತಿದ್ದರು.

"ಅವನು ಸತ್ತ ಮೇಲೆ ಅವನ ಆತ್ಮಕ್ಕೆ ಅಂತ ನಾನು ಒಂದು ಓದೂ ಓದಿಸಲಿಲ್ಲ" ಎಂದಳು. "ಕಳ್ಳನಿಗೆ ಏನು ಓದಿಸೋದು ಅಂತ. ಕನಸಲ್ಲಿ ಬಂದ್ರೂ ಮುಖ ತಿರುಗಿಸ್ತಿದ್ದೆ ಕಣೇ. ಊಟ ಆಯ್ತಾ ಅಂತ ಕೇಳೋನು. ನಾನು ಮಾತಾಡ್ತಿರಲಿಲ್ಲ."

"ಚಿಕ್ಕಮ್ಮ..."

"ಒಂದು ಕಾಂಗಾ ತಂದಿದ್ದ ನನಗೆ, ಉಟ್ಕೊಳ್ಳೋಕೆ. ಕೊನೇ ಸಲ ಮನೆಗೆ ಬಂದಾಗ. ಕೆಂಪು ಅಂಚು, ಮಧ್ಯದಲ್ಲಿ ಗೇರುಹಣ್ಣು, ಅದರ ಕೆಳಗೆ ಒಂದು ಸಾಲು ಅಕ್ಷರ. ಎಲ್ಲಿಂದ ಬಂತೋ ಅಂದೆ. ಸಮುದ್ರ ಕೊಡ್ತು ತಗೋ ಅಂತ ನಕ್ಕ. ದೋಣಿ ಕೆಲಸದ ಮೊದಲ ಸಂಬಳ ಇರಬೇಕು. ಆಮೇಲೆ ಅವನು ಹೋದ ಮೇಲೆ ನನಗೆ ಹೊಳೀತು, ಓಹೋ, ನಿಮ್ಮನೆ ಕಡಗ ಮಾರಿ ತಂದಿದ್ದು ಅಂತ." ಬಾರ್ಕೆ ನೆಲದ ಕಡೆ ಕೈ ಮಾಡಿದಳು. "ಇದನ್ನ ಒರೆಸಿದೆ ಅದರಲ್ಲಿ. ನೆಲ ಒರೆಸಿದೆ, ಕೋಳಿ ಹಿಕ್ಕೆ ಬಳಿದೆ. ಹರಿದು ಚಿಂದಿಯಾಗೋ ತನಕ ಒರೆಸಿದೆ. ಸಿಟ್ಟಿತ್ತು ನನಗೆ. ಆಮೇಲೆ ಎಸೆದೆ."

ರುಕಿಯಾ ನೆಲಕ್ಕೂರಿದ್ದ ಕೈಯನ್ನು ಎತ್ತಿಕೊಂಡಳು.

"ಅದರ ಮೇಲೆ ಏನು ಬರೆದಿತ್ತು ಅಂತಾನೂ ತಿಳ್ಕೊಳ್ಳಲಿಲ್ಲ" ಎಂದಳು ಬಾರ್ಕೆ. ಈಗ ಅವಳ ದನಿ ಒಡೆದಿತ್ತು. "ಕಾಂಗಾನ ಯಾರಾದ್ರೂ ಸುಮ್ನೆ ತರ್ತಾರಾ? ಅಂಗಡೀಲಿ ನಿಂತು, ಒಂದೊಂದರ ಮೇಲಿನ ಬರಹ ಓದಿ ಓದಿ, ಇದು ನಮ್ಮಮ್ಮಂಗೆ ಅಂತ ಆರಿಸಿರ್ತಾನೆ. ನನಗೆ ಹೇಳ್ಬೇಕು ಅಂತ ಏನೋ ಇತ್ತು ಅವನಿಗೆ. ನನಗೆಲ್ಲಿ ಓದೋಕೆ ಬರುತ್ತೆ? ಅವನನ್ನೇ ಕೇಳೋಕೆ ಬಿಗುಮಾನ. ನೀನು ಶಾಲೆಗೆ ಹೋದವಳಲ್ವಾ, ನಿನ್ನ ಹತ್ರ ತಂದು ಓದಿಸೋಣ ಅಂತ ಮಡಚಿ ಇಟ್ಟಿದ್ದೆ. ಅಷ್ಟರಲ್ಲಿ ನಿಮ್ಮನೆ ಕಡೆ ಬರೋ ಹಾಗೇ ಇರಲಿಲ್ಲ."

ಅವಳು ಸರಕ್ಕನೆ ರುಕಿಯಾಳ ಹತ್ತಿರ ಸರಿದಳು. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ.

"ಅಕ್ಷರ ಬರಲ್ಲ ನನಗೆ. ಆದ್ರೆ ಒಂದ್ಸಲ ಕಂಡ ಗೆರೆ ಮರೆಯೋಳಲ್ಲ ನಾನು. ಅಷ್ಟು ದಿನ ನೆಲ ಒರೆಸಿದೀನಿ, ಕಣ್ಣ ಮುಂದೇ ಇತ್ತಲ್ಲ. ಕೈ ಕೊಡು."

ರುಕಿಯಾ ಅಂಗೈ ಚಾಚಿದಳು. ಬಾರ್ಕೆ ಅದನ್ನು ತನ್ನ ತೊಡೆಯ ಮೇಲೆ ಮಲಗಿಸಿಕೊಂಡು, ತೋರುಬೆರಳಿನಿಂದ ಮಣಿಕಟ್ಟಿನ ಹತ್ತಿರ ಶುರು ಮಾಡಿದಳು. ಒಂದು ನೆಟ್ಟಗಿನ ಗೆರೆ. ಅದರ ಪಕ್ಕ ಒಂದು ಬಾಗು. ಒಂದು ಸೊನ್ನೆಯಂಥದು. ಬೆರಳು ನಡುಗುತ್ತಿತ್ತು, ನಡುಗಿದ ಕಡೆ ನಿಲ್ಲಿಸಿ, ಮತ್ತೆ ಮುಂದುವರಿಯುತ್ತಿತ್ತು. ರುಕಿಯಾ ಆ ಬೆರಳನ್ನೇ ನೋಡಿದಳು. ತಾಯಂದಿರಿಗೆಂದು ಬರೆದ ಕಾಂಗಾದ ಬರಹಗಳು ಅವಳಿಗೆ ಎಷ್ಟೋ ಬರುತ್ತಿದ್ದವು. ಯಾವುದಾದರೊಂದನ್ನು ಹೇಳಿಬಿಡಬಹುದಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

ಬೆರಳಿನ ಬುಡದ ತನಕ ಬಂದು ಬಾರ್ಕೆ ತಲೆ ಎತ್ತಿದಳು.

"ಏನಂತ?"

"ಗೊತ್ತಾಗ್ಲಿಲ್ಲ ಚಿಕ್ಕಮ್ಮ" ಎಂದಳು ರುಕಿಯಾ. "ಇನ್ನೊಂದ್ಸಲ ಬರೀರಿ."

ಬಾರ್ಕೆ ತನ್ನ ಸೆರಗಿನ ತುದಿಯಿಂದ, ಏನೂ ಇಲ್ಲದ ಆ ಅಂಗೈಯನ್ನು ಒರೆಸಿದಳು. ಒರೆಸಿ, ಮತ್ತೆ ಮಣಿಕಟ್ಟಿನಿಂದ ಶುರು ಮಾಡಿದಳು.